ಹೂದೋಟ: ಬೋಳಾದ ಪಾರಿಜಾತವನ್ನು ಕಡಿಯದಿರಿ

ಹೊನ್ನಾವರದ ಬಳಿ ಕಡಲಿಗೆ ಮುಖಮಾಡಿದ ಅಪ್ಸರಕೊಂಡದ ನೀರಿನಲ್ಲಿ ಅಪ್ಸರೆಯರು ಮೀಯಲು ಇಳಿದು ಬರುತ್ತಿದ್ದರೆಂದು ಪ್ರತೀತಿ. ಅಂಥ ಊರಿನ ಅಂಗಳಕ್ಕೆ, ಸಮುದ್ರಮಥನದಲ್ಲಿ ಹುಟ್ಟಿ ಸತ್ಯಭಾಮೆಗಾಗಿ ಭೂಮಿಗಿಳಿದ ಪಾರಿಜಾತಕ್ಕಿಂತ ಒಪ್ಪುವ ಗಿಡ ಬೇರಾವುದು? ಮಳೆ ಹಿಂದೆಗೆಯುವ ಹೊತ್ತಿಗೆ ಹೂಬಿಡತೊಡಗಿ ಚಳಿಗಾಲದ ಮೊದಲ ತಿಂಗಳುಗಳವರೆಗೂ ಅದು ಇರುಳೆಲ್ಲ ಪರಿಮಳ ಸೂಸುತ್ತದೆ. ಬೆಳಗಿನ ಜಾವಕ್ಕೆ ಹೂಗಳನ್ನು ನೆಲಕ್ಕೆ ಸುರಿದುಬಿಡುತ್ತದೆ. ನೆಲಕ್ಕೆ ಬಿದ್ದ ಹೂವನ್ನು ದೇವರಿಗೆ ಏರಿಸಬಾರದೆಂಬ ನಿಯಮಕ್ಕೆ ಇದೊಂದು ಅಪವಾದ.

ಇಂತಹ ಗಿಡ ಕೊಡಲಿಗೆ ತುತ್ತಾಗುವ ಅಪಾಯವಿರುವುದು ಬೇಸಗೆಯಲ್ಲಿ. ಇದು ಎಲೆಯುದುರಿಸುವ ಜಾತಿ. ಚಳಿ ಕಳೆದ ಮೇಲೆ ಒರಟಾದ ಎಲೆಗಳು ಉದುರಿ, ಬರಿಯ ಚೌಕನೆಯ ಕಡ್ಡಿಗಳು ಉಳಿಯುತ್ತವೆ. 1753ರಲ್ಲಿ ಲಿನೇಯಸನು ಇದಕ್ಕಿತ್ತ ಶಾಸ್ತ್ರೀಯ ನಾಮದಲ್ಲಿಯೂ ‘ದುಃಖದ ಮರ’ವೆಂಬ ಅರ್ಥವೇ ಇದೆ. ಆದರೆ ಗಿಡ ಸತ್ತಿತೆಂದು ಬಗೆಯುವ ಮುನ್ನ ಒಂದು ಕಡ್ಡಿಯ ತೊಗಟೆಯನ್ನು ಉಗುರಿನಿಂದ ಕೆರೆದು ನೋಡಿರಿ. ಒಳಗೆ ಹಸುರು ಕಂಡರೆ ಜೀವವಿದೆ; ಮಳೆ ಬಿದ್ದೊಡನೆ ಚಿಗುರುತ್ತದೆ.

ಕೊಂಬೆ ಸವರುವುದಾದರೆ ಹೂಕಾಲ ಮುಗಿದ ಮೇಲೆ, ಹೊಸ ಚಿಗುರು ಮೂಡುವ ಮುನ್ನ ಸವರಬೇಕು. ಹೂ ಮೂಡುವುದು ಆ ವರ್ಷದ ಹೊಸ ಚಿಗುರಿನಲ್ಲಿ. ಚೌತಿ ಹಬ್ಬಕ್ಕೆಂದು ಅಂಗಳ ಚೊಕ್ಕಟಮಾಡುವ ಭರದಲ್ಲಿ ಕತ್ತಿಯಾಡಿಸಿದರೆ ಮೊಗ್ಗುಗಳೇ ಹೋಗಿ, ಹೂವಿಗಾಗಿ ಮರುವರ್ಷ ಕಾಯಬೇಕಾದೀತು.

ಕರಾವಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುವುದು ಖಂಡಿತ. ಚಿರೆಕಲ್ಲಿನ ಗಟ್ಟಿ ನೆಲದಲ್ಲಿ ತೋಡಿದ ಗುಂಡಿ ಬೋಗುಣಿಯಂತೆ ನೀರು ಹಿಡಿಯುವುದರಿಂದ, ಎರಡಡಿ ಆಳ ತೋಡಿ, ತಗ್ಗಿನ ಬದಿಗೆ ನೀರು ಹರಿಯಲು ಕಾಲುವೆ ಬಿಡಿರಿ. ಮಣ್ಣಿಗೆ ಮರಳನ್ನೂ ಹಳೆಯ ಕೊಟ್ಟಿಗೆ ಗೊಬ್ಬರವನ್ನೂ ಬೆರೆಸಿ ತುಂಬಿ, ಬುಡವನ್ನು ದಿಣ್ಣೆಯಂತೆ ಏರಿಸಿರಿ. ಬಿಸಿಲು ಚೆನ್ನಾಗಿ ಬೀಳಬೇಕು. ಕಡಲ ಉಪ್ಪುಗಾಳಿ ನೇರವಾಗಿ ತಾಗಬಾರದು. ಮನೆಯ ಮೂಡುಬದಿ ಇದಕ್ಕೆ ತಕ್ಕ ಸ್ಥಳ.

ಬೀಜಕ್ಕಾಗಿ ನಾಣ್ಯದಂತೆ ಚಪ್ಪಟೆಯಾದ ಒಣ ಕಾಯಿಗಳನ್ನು ಆಯ್ದಿಡಿರಿ. ಕಾಯಿ ಎರಡಾಗಿ ಸೀಳಿದರೆ ಒಂದೊಂದು ಹೋಳಿನಲ್ಲಿ ಒಂದೊಂದು ಬೀಜ. ಮಳೆಗಾಲದ ಆರಂಭದಲ್ಲಿ ಬಿತ್ತಿದರೆ ಸಸಿ ಸುಲಭವಾಗಿ ಏಳುತ್ತದೆ. ಬಲಿತ ಕಡ್ಡಿಯನ್ನು ನೆಟ್ಟೂ ಬೆಳೆಸಬಹುದು. ಪಟ್ಟಣದಲ್ಲಿ ಅಂಗಳವಿಲ್ಲದವರು ದೊಡ್ಡ ಕುಂಡದಲ್ಲಿ ಬೆಳೆಸಿ, ವರುಷಕ್ಕೊಮ್ಮೆ ಸವರಿ ಗಿಡ್ಡವಾಗಿಡಬಹುದು.

ಪೂಜೆಗೆ ಮಿಕ್ಕ ಹೂಗಳೂ ವ್ಯರ್ಥವಲ್ಲ. ಅವುಗಳ ಕೇಸರಿ ತೊಟ್ಟುಗಳಿಂದ ಹಿಂದೆ ರೇಷ್ಮೆಗೆ ಬಣ್ಣ ಕಟ್ಟುತ್ತಿದ್ದರು. ಇಷ್ಟೆಲ್ಲ ಕೊಡುವ ಗಿಡ ನಮ್ಮಿಂದ ಬೇಡುವುದು ಬೇಸಗೆಯ ಕೆಲವು ತಿಂಗಳ ತಾಳ್ಮೆಯನ್ನು ಮಾತ್ರ.