ನರಿಯ ಬಾಲಕ್ಕೆ ನೀತಿ ಕಟ್ಟಬೇಡಿ

ಹುಮನಾಬಾದಿನಿಂದ ಬಸವಕಲ್ಯಾಣದ ಕಡೆಗೆ ಹೆದ್ದಾರಿ ಹಿಡಿದು ಹೋಗುವವರಿಗೆ ರಾಜೇಶ್ವರ ಬಸ್ಸು ನಿಲ್ಲುವ ಒಂದು ಊರು, ಅಷ್ಟೇ. ಆದರೆ ಇಲ್ಲಿನ ಮಗುವಿನ ಕಿವಿಗೆ ಬೆಳಗಿನಿಂದ ಸಂಜೆಯೊಳಗೆ ಕನ್ನಡ, ದಖ್ಖನಿ, ಮರಾಠಿ, ಕೆಲವೊಮ್ಮೆ ತೆಲುಗು, ಎಲ್ಲವೂ ಬೀಳುತ್ತವೆ. ಇಷ್ಟು ಭಾಷೆಗಳ ನಡುವೆ ಬೆಳೆಯುವ ಮಕ್ಕಳಿಗೆ ಕಥೆಗಳ ಬರ ಬರಬಾರದಿತ್ತು. ಬಂದಿದೆ. ದಾದಿ-ನಾನಿಯರು ಧಾರಾವಾಹಿಗಳ ಮುಂದೆ ಕುಳಿತಿದ್ದಾರೆ, ಅಮ್ಮಂದಿರು ಹೋಂವರ್ಕ್ ಮಾಡಿಸುತ್ತಿದ್ದಾರೆ, ಮಕ್ಕಳು ಮೊಬೈಲ್ ಹಿಡಿದಿದ್ದಾರೆ. ‘ಚಂದಮಾಮ’ದ ಕನ್ನಡ ಸಂಚಿಕೆ ನಿಂತು ಹತ್ತು ವರ್ಷ ದಾಟಿತು.

ಕಥೆ ಬರೆಯುವವರೆಂಬ ಕಾರಣಕ್ಕೆ ನಮ್ಮನ್ನು ಪಾಲಕರು ಆಗಾಗ ಕೇಳುವುದುಂಟು: “ಭಾಯ್, ಮಕ್ಕಳ್ಗಿ ಏನ್ ಓದಸ್ಬೇಕ್ರಿ?” ಪ್ರಾಣಿಗಳ ಕಥೆ ಓದಿಸಿ ಎಂದು ನಾವು ಹೇಳುತ್ತೇವೆ. ಕೂಡಲೇ ಅವರ ಮುಖ ಸಪ್ಪಗಾಗುತ್ತದೆ. ಅವರು ನಿರೀಕ್ಷಿಸಿದ್ದು ಸಾಮಾನ್ಯ ಜ್ಞಾನದ ಪುಸ್ತಕದ ಹೆಸರನ್ನು, ಇಲ್ಲವೇ ಇಂಗ್ಲಿಷ್ ಮಾತಾಡಲು ಕಲಿಸುವ ಪುಸ್ತಕವನ್ನು. ಪರೀಕ್ಷೆಯಲ್ಲಿ ಬಾರದ ಕಾಗೆ-ನರಿಗಳಿಂದ ಏನು ಲಾಭ ಎಂದು ಕೇಳುವವರೊಂದಿಗೆ ನಾವು ಹೆಚ್ಚು ವಾದಿಸುವುದಿಲ್ಲ. ಅಂಕಗಳ ಹೊರತು ಬೇರೆ ಲಾಭವೇ ಇಲ್ಲವೆಂದು ನಂಬಿದವರಿಗೆ ಕಥೆಯ ಲಾಭ ತೋರಿಸುವುದು ಕಷ್ಟ.

ನಾವು ಉತ್ತರ ಕೊಡಲೇಬೇಕಾದವರು ಬೇರೆ ಇದ್ದಾರೆ. ಪ್ರಾಣಿಗಳು ಮಾತಾಡುವುದಿಲ್ಲ, ಆದ್ದರಿಂದ ಇವು ಸುಳ್ಳು, ಸುಳ್ಳನ್ನು ಮಕ್ಕಳಿಗೆ ಕಲಿಸಬಾರದು ಎಂದು ನಮ್ಮ ಕೆಲವು ಹಿರಿಯರು ಪ್ರಾಮಾಣಿಕವಾಗಿಯೇ ನಂಬಿದ್ದಾರೆ. ಅವರಿಗೆ ಒಂದು ವಿಷಯ ನೆನಪಿಸಬೇಕು. ಮದ್ರಸಾಗಳಲ್ಲಿ ಅರಬಿ ಸಾಹಿತ್ಯ ಕಲಿಸಲು ಶತಮಾನಗಳಿಂದ ಓದಿಸುತ್ತ ಬಂದ ‘ಮಕಾಮಾತ್’ ಕೃತಿಯ ಮುನ್ನುಡಿಯಲ್ಲಿ ಬಸ್ರಾದ ಹರೀರಿ ಇದೇ ಆಕ್ಷೇಪಕ್ಕೆ ಉತ್ತರ ಕೊಟ್ಟಿದ್ದಾನೆ. ಮೂಕ ಪ್ರಾಣಿಗಳ ಬಾಯಲ್ಲಿ ಮಾತಿಟ್ಟ ಕಥೆಗಳನ್ನು ಯಾರೂ ಪಾಪವೆಂದು ತಳ್ಳಿಲ್ಲ, ಹಾಗಿರುವಾಗ ನನ್ನ ಕಲ್ಪನೆಯನ್ನೇಕೆ ತಳ್ಳುತ್ತೀರಿ ಎಂಬುದು ಅವನ ವಾದ. ಅವನು ತೀರಿಕೊಂಡದ್ದು 1122ರಲ್ಲಿ. ಅಂದು ವಿದ್ವಾಂಸರಿಗೆ ಸುಳ್ಳೆನಿಸದ ನರಿ ಇಂದು ನಮಗೆ ಸುಳ್ಳೆನಿಸುವುದು ಹೇಗೆ? ಇರುವೆ, ಜೇನು, ಜೇಡಗಳ ಹೆಸರಿನ ಅಧ್ಯಾಯಗಳಿರುವ ಗ್ರಂಥವನ್ನು ದಿನವೂ ಓದುವ ಮನೆಯ ಮಗು ಪ್ರಾಣಿಗಳಿಂದ ದೂರ ಬೆಳೆಯಬೇಕೆಂಬುದೇ ವಿಚಿತ್ರ. ನಾವು ದೇವವಚನವನ್ನೂ ಕಟ್ಟುಕಥೆಯನ್ನೂ ಒಂದೇ ತಕ್ಕಡಿಯಲ್ಲಿಡುತ್ತಿಲ್ಲ. ಅವೆರಡರ ವ್ಯತ್ಯಾಸ ಮಗುವಿಗೆ ಗೊತ್ತಿರುತ್ತದೆ. ನರಿ ನಿಜವಾಗಿ ಮಾತಾಡಿತೆಂದು ಐದು ವರ್ಷದ ಮಗುವೂ ನಂಬುವುದಿಲ್ಲ. ಮಾತಾಡಿದ್ದರೆ ಹೇಗಿರುತ್ತಿತ್ತು ಎಂಬ ಆಟವನ್ನು ಅದು ಆಡುತ್ತದೆ.

ಇನ್ನೊಂದು ಆಕ್ಷೇಪ ಇದಕ್ಕಿಂತ ನೋವಿನದು. ‘ಪಂಚತಂತ್ರ’ ಅವರದು, ನಮಗೆ ಬೇಡ ಎನ್ನುವವರಿದ್ದಾರೆ. ‘ಕಲೀಲ ವ ದಿಮ್ನಾ’ ಎಂದರೆ ಅದು ಅವರ ಪುಸ್ತಕ ಎಂದು ಆಚೆಯವರು ತಿಳಿಯುತ್ತಾರೆ. ಎರಡೂ ಒಂದೇ ಪುಸ್ತಕವೆಂದು ಹೇಳಿದರೆ ಇಬ್ಬರೂ ನಗುತ್ತಾರೆ. ಆರನೆಯ ಶತಮಾನದಲ್ಲಿ ಇರಾನಿನ ದೊರೆ ಅನುಶೀರವಾನನ ವೈದ್ಯ ಬುರ್ಜೂಯ ಈ ಭಾರತೀಯ ಕಥೆಗಳನ್ನು ಪಹ್ಲವಿ ಭಾಷೆಗೆ ಒಯ್ದ. ಸುಮಾರು 750ರಲ್ಲಿ ಇಬ್ನುಲ್ ಮುಕಫ್ಫಾ ಅದನ್ನು ಅರಬಿಗೆ ತಂದ. ಕರಟಕ-ದಮನಕರೆಂಬ ಎರಡು ನರಿಗಳೇ ಅಲ್ಲಿ ಕಲೀಲ-ದಿಮ್ನಾ ಆದವು. ಅಲ್ಲಿಂದ ಪಾರ್ಸಿಗೆ ಬಂದು, ಕಾಶಿಫಿಯ ‘ಅನ್ವಾರೆ ಸುಹೈಲಿ’ ಆಗಿ, ಅಕ್ಬರನಿಗಾಗಿ ಅಬುಲ್ ಫಜಲ್ 1588ರಲ್ಲಿ ಸರಳಗೊಳಿಸಿದ ‘ಇಯಾರೆ ದಾನಿಶ್’ ಆಗಿ, ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ‘ಖಿರದ್ ಅಫ್ರೋಜ್’ ಎಂಬ ಹೆಸರಿನಲ್ಲಿ ಉರ್ದುವಿಗೂ ಇಳಿಯಿತು. ಹೊರಟ ಮನೆಗೇ ತಿರುಗಿ ಬಂದ ಮಗಳಂತೆ ಇದರ ಕಥೆ. ಬಟ್ಟೆ ಬದಲಾಗಿದೆಯೆಂದು ನಾವು ಗುರುತಿಸುತ್ತಿಲ್ಲ.

ಈ ಪ್ರವಾಸ ಕಥನದಲ್ಲಿ ನಮ್ಮ ಸೀಮೆಯ ಪಾಲೂ ಇದೆ. ಚಾಲುಕ್ಯ ಅರಸ ಜಯಸಿಂಹ ಜಗದೇಕಮಲ್ಲನ ಬಳಿ ಸಂಧಿವಿಗ್ರಹಿಯಾಗಿದ್ದ ದುರ್ಗಸಿಂಹ 1031ರ ಸುಮಾರಿಗೆ ‘ಪಂಚತಂತ್ರ’ವನ್ನು ಕನ್ನಡದಲ್ಲಿ ಚಂಪುವಾಗಿ ಬರೆದ. ವಿಷ್ಣುಶರ್ಮನ ಪಾಠವನ್ನು ಬಿಟ್ಟು ವಸುಭಾಗಭಟ್ಟನ ಪಾಠವನ್ನು ಅನುಸರಿಸಿದ. ಆ ಅರಸನ ಮಗ ಸೋಮೇಶ್ವರನ ಕಾಲದಲ್ಲಿ ರಾಜಧಾನಿ ಕಲ್ಯಾಣಕ್ಕೆ ಬಂತು. ಅಂದರೆ ರಾಜೇಶ್ವರದಿಂದ ಕೂಗಳತೆಯ ದೂರದ ರಾಜಧಾನಿ ಯಾವ ವಂಶದ್ದೋ ಆ ವಂಶದ ಮಂತ್ರಿಯೇ ಈ ನರಿಗಳಿಗೆ ಕನ್ನಡ ಕಲಿಸಿದ. ಬಸವಕಲ್ಯಾಣದ ಕೋಟೆ ನೋಡಲು ಮಕ್ಕಳನ್ನು ಪ್ರವಾಸ ಕರೆದೊಯ್ಯುವ ಶಿಕ್ಷಕರಲ್ಲಿ ಎಷ್ಟು ಜನ ಈ ಮಾತು ಹೇಳುತ್ತಾರೆ? ನಿಜಾಮರ ಕಾಲದಲ್ಲಿ ಇಲ್ಲಿನ ಲಿಂಗಾಯತ, ಬ್ರಾಹ್ಮಣ ಅಜ್ಜಂದಿರೂ ಉರ್ದು ಶಾಲೆಗೆ ಹೋದವರೇ. ಆ ತಲೆಮಾರಿಗೆ ಎರಡೂ ದಾರಿಯಿಂದ ಬಂದ ಕಥೆ ಗೊತ್ತಿತ್ತು. ಮೊಮ್ಮಕ್ಕಳಿಗೆ ಒಂದೂ ಗೊತ್ತಿಲ್ಲ.

ಈಗ ನಮ್ಮ ಮುಖ್ಯ ಜಗಳಕ್ಕೆ ಬರೋಣ. ಅದು ಓದಿಸದವರೊಂದಿಗಲ್ಲ, ಓದಿಸುವವರೊಂದಿಗೆ. ಅಂಗಡಿಯಲ್ಲಿ ಸಿಗುವ ಬಣ್ಣದ ‘ನೀತಿಕಥೆ’ ಪುಸ್ತಕ ತೆರೆಯಿರಿ. ಒಂದು ಪುಟದ ಕಥೆ, ಕೊನೆಯಲ್ಲಿ ಚೌಕದೊಳಗೆ ದಪ್ಪ ಅಕ್ಷರದ ನೀತಿ. ಹಿರಿಯರ ಮಾತು ಕೇಳಬೇಕು, ದುರಾಸೆ ಪಡಬಾರದು, ಮೋಸಕ್ಕೆ ಶಿಕ್ಷೆ ತಪ್ಪದು. ಕಥೆಯನ್ನು ಕತ್ತರಿಸಿ ಚೌಕಕ್ಕೆ ಹೊಂದಿಸಲಾಗಿದೆ. ನರಿಯ ಬಾಲಕ್ಕೆ ಕಟ್ಟಿದ ಡಬ್ಬದಂತೆ ಆ ನೀತಿ ಸದ್ದು ಮಾಡುತ್ತದೆ, ನರಿ ಮಾತ್ರ ಓಡಲಾರದು.

ಮೂಲದಲ್ಲಿ ಏನಿದೆ ನೋಡಿ. ಸಿಂಹ ಪಿಂಗಳಕ ಮತ್ತು ಎತ್ತು ಸಂಜೀವಕ ಪ್ರಾಣಮಿತ್ರರು. ದಮನಕ ಸಿಂಹದ ಬಳಿ ಹೋಗಿ ಎತ್ತಿಗೆ ನಿನ್ನ ರಾಜ್ಯದ ಮೇಲೆ ಕಣ್ಣಿದೆ ಎನ್ನುತ್ತಾನೆ. ಎತ್ತಿನ ಬಳಿ ಹೋಗಿ ಸಿಂಹ ನಿನ್ನನ್ನು ತಿನ್ನಲಿದೆ ಎನ್ನುತ್ತಾನೆ. ಅಷ್ಟಕ್ಕೇ ನಿಲ್ಲುವುದಿಲ್ಲ. ಎತ್ತು ಕೊಂಬು ತಗ್ಗಿಸಿ ಬಂದರೆ ತಿಳಿದುಕೋ ಎಂದು ಇವನಿಗೆ, ಸಿಂಹ ಕಿವಿ ನಿಮಿರಿಸಿದ್ದರೆ ತಿಳಿದುಕೋ ಎಂದು ಅವನಿಗೆ ಗುರುತನ್ನೂ ಹೇಳಿಕೊಡುತ್ತಾನೆ. ಇಬ್ಬರೂ ಹೆದರಿಕೊಂಡೇ ಎದುರಾಗುತ್ತಾರೆ, ಹೆದರಿದವರು ಹೇಗೆ ನಿಲ್ಲುತ್ತಾರೋ ಹಾಗೇ ನಿಲ್ಲುತ್ತಾರೆ, ಇಬ್ಬರಿಗೂ ಗುರುತು ಕಾಣುತ್ತದೆ. ಎತ್ತು ಸಾಯುತ್ತದೆ. ಸಂಸ್ಕೃತದ ಕಥೆಯಲ್ಲಿ ದಮನಕನಿಗೆ ಶಿಕ್ಷೆಯಾಗುವುದಿಲ್ಲ. ಅವನು ಮಂತ್ರಿಯಾಗಿ ಸುಖವಾಗಿರುತ್ತಾನೆ. ಮೋಸಕ್ಕೆ ಶಿಕ್ಷೆ ತಪ್ಪದು ಎಂಬ ಚೌಕವನ್ನು ಇಲ್ಲಿ ಎಲ್ಲಿ ಅಂಟಿಸುತ್ತೀರಿ?

2018ರ ಜುಲೈಯಲ್ಲಿ ನಮ್ಮದೇ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನಿಂದ ಬಂದಿದ್ದ ಒಬ್ಬ ಯುವ ಇಂಜಿನಿಯರನನ್ನು ಮಕ್ಕಳ ಕಳ್ಳನೆಂದು ಜನ ಹೊಡೆದು ಕೊಂದರು. ಅವನ ಜೊತೆಯವರು ತೀವ್ರವಾಗಿ ಗಾಯಗೊಂಡರು. ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದೇ ಗುರುತಾಗಿಬಿಟ್ಟಿತ್ತು. ಗುರುತನ್ನು ಮೊದಲೇ ವಾಟ್ಸಾಪ್ ಹೇಳಿಕೊಟ್ಟಿತ್ತು. ಹೊಡೆದವರು ಹುಟ್ಟಾ ಕೊಲೆಗಡುಕರಾಗಿರಲಿಲ್ಲ, ತಮ್ಮ ಮಕ್ಕಳ ಬಗ್ಗೆ ಹೆದರಿದ ಹಳ್ಳಿಗರಾಗಿದ್ದರು. ಪಿಂಗಳಕನೂ ಕೆಟ್ಟವನಾಗಿರಲಿಲ್ಲ. ಚಾಡಿ ಕೆಲಸ ಮಾಡುವ ರೀತಿಯನ್ನು ಇಷ್ಟು ಬಿಡಿಸಿ ತೋರಿಸಿದ ಪಾಠ ನಮ್ಮ ಯಾವ ಪಠ್ಯಪುಸ್ತಕದಲ್ಲಿದೆ? ಒಂದು ಕಥೆ ಓದಿದ್ದರೆ ಆ ಯುವಕ ಬದುಕುತ್ತಿದ್ದ ಎಂದು ನಾವು ಹೇಳುವುದಿಲ್ಲ, ಅಷ್ಟು ಸರಳ ನಂಬಿಕೆ ನಮ್ಮಲ್ಲಿಲ್ಲ. ಆದರೆ ದಮನಕನ ಮುಖ ನೋಡದೆಯೇ ಬೆಳೆದ ಮಗು ಅವನನ್ನು ದೊಡ್ಡವನಾದ ಮೇಲೆ ಗುರುತಿಸಲಿ ಎಂದರೆ ಹೇಗೆ?

ಕುತೂಹಲದ ಸಂಗತಿಯೆಂದರೆ ದಮನಕನ ಸುಖ ಅರಬರಿಗೆ ಸಹಿಸಲಿಲ್ಲ. ಇಬ್ನುಲ್ ಮುಕಫ್ಫಾನ ಪುಸ್ತಕದಲ್ಲಿ ದಿಮ್ನಾನ ವಿಚಾರಣೆ ಎಂಬ ಇಡೀ ಅಧ್ಯಾಯ ಹೊಸದಾಗಿ ಸೇರಿದೆ. ಸಿಂಹದ ತಾಯಿ ಪಟ್ಟು ಹಿಡಿಯುತ್ತಾಳೆ, ದಿಮ್ನಾ ವಕೀಲನಂತೆ ವಾದಿಸುತ್ತಾನೆ, ಗುಟ್ಟು ಕೇಳಿಸಿಕೊಂಡಿದ್ದ ಚಿರತೆ ಸಾಕ್ಷಿ ಹೇಳುತ್ತದೆ, ಶಿಕ್ಷೆಯಾಗುತ್ತದೆ. ಪುಕ್ಕಟೆ ನೀತಿ ಅದಲ್ಲ. ಸಾಕ್ಷಿ ಸಿಗುವವರೆಗೆ ಕಾಯುವ ನ್ಯಾಯ. ಬರೆದವನನ್ನು ಮಾತ್ರ 750ರ ದಶಕದಲ್ಲೇ ಅಧಿಕಾರಸ್ಥರು ಕೊಲ್ಲಿಸಿದರು. ಎರಡೂ ಮುಕ್ತಾಯಗಳನ್ನು ಮಕ್ಕಳ ಮುಂದಿಟ್ಟು ಯಾವುದು ಸರಿ ಎಂದು ಜಗಳವಾಡಲು ಬಿಡಿ. ಅಂಥ ತರಗತಿಯಲ್ಲಿ ಕುಳಿತುಕೊಳ್ಳಲು ನಾವೂ ಬರುತ್ತೇವೆ.

ಡಾ. ಜಾಕಿರ್ ಹುಸೇನರ ‘ಅಬ್ಬೂ ಖಾನ್ ಕಿ ಬಕ್ರಿ’ ಉರ್ದು ಮಾಧ್ಯಮದ ನಮ್ಮ ತಲೆಮಾರಿಗೆ ಚಿರಪರಿಚಿತ. ಫ್ರೆಂಚ್ ಲೇಖಕ ದೋದೆಯ ಕಥೆಯ ಛಾಯೆ ಅದಕ್ಕಿದೆ. ಚಾಂದನಿ ಎಂಬ ಮೇಕೆ ಹಗ್ಗ ಬೇಡವೆಂದು ಬೆಟ್ಟಕ್ಕೆ ಓಡಿಹೋಗಿ, ರಾತ್ರಿಯಿಡೀ ತೋಳದೊಂದಿಗೆ ಕಾದಾಡಿ, ಬೆಳಗಿನ ಹೊತ್ತಿಗೆ ಸಾಯುತ್ತದೆ. ಮರದ ಮೇಲಿನ ಹಕ್ಕಿಗಳು ತೋಳ ಗೆದ್ದಿತು ಎನ್ನುತ್ತವೆ, ಮುದಿ ಹಕ್ಕಿಯೊಂದು ಚಾಂದನಿ ಗೆದ್ದಳು ಎನ್ನುತ್ತದೆ. ಒಂದು ಶಾಲೆಯಲ್ಲಿ ಇದನ್ನು ಓದಿ ಹೇಳಿದಾಗ ಅಲ್ಲಿನ ಗುರುಗಳು ಎದ್ದು ನಿಂತು, ನೋಡಿದಿರಾ, ಮನೆ ಬಿಟ್ಟು ಹೋದರೆ ಹೀಗಾಗುತ್ತದೆ ಎಂದರು. ಹಿಂದಿನ ಸಾಲಿನ ಹುಡುಗಿಯೊಬ್ಬಳು, “ಇಲ್ರಿ ಸರ, ಆಕಿ ಗೆದ್ದಾಳ” ಎಂದಳು. ಮುದಿ ಹಕ್ಕಿಗೆ ಅರ್ಥವಾದದ್ದು ಅವಳಿಗೂ ಅರ್ಥವಾಗಿತ್ತು.

ಯಾವ ಪುಸ್ತಕ ಎಂದು ಕೇಳುವವರಿಗೆ: ತೀರ ಚಿಕ್ಕವರಿಗೆ ರಾಜರತ್ನಂ ಅವರ ನಾಯಿಮರಿ, ಪಂಜೆಯವರ ಹಾವು, ಕುವೆಂಪು ಅವರ ಕಿಂದರಿಜೋಗಿಯ ಇಲಿಗಳು. ಉರ್ದು ಬಲ್ಲ ಮನೆಯಲ್ಲಿ ಇಕ್ಬಾಲರ ಜೇಡ-ನೊಣ ಮತ್ತು ಅಳಿಲಿನ ಪದ್ಯಗಳು. ಹನ್ನೆರಡು ದಾಟಿದವರಿಗೆ ತೇಜಸ್ವಿಯವರ ‘ಪರಿಸರದ ಕತೆ’ ಕೊಡಿ. ಅಲ್ಲಿನ ಕಿವಿ ಎಂಬ ನಾಯಿ ಯಾರಿಗೂ ನೀತಿ ಹೇಳುವುದಿಲ್ಲ. ಬಶೀರರ ‘ಪಾತುಮ್ಮಳ ಆಡು’ ಕನ್ನಡದಲ್ಲಿದೆ. ಲೇಖಕನ ಪುಸ್ತಕಗಳನ್ನೇ ತಿಂದು ಹಾಕುವ ಆ ಆಡಿನ ಮನೆ ನಮ್ಮ ಯಾವುದೇ ಮೊಹಲ್ಲಾದ ಮನೆಯಂತಿದೆ. ಕೊಳ್ಳಲಾಗದವರು ಗ್ರಾಮ ಪಂಚಾಯತಿಯ ಅರಿವು ಕೇಂದ್ರಕ್ಕೆ ಹೋಗಿ ಕೇಳಲಿ. ತೆರಿಗೆಯ ಜೊತೆ ಗ್ರಂಥಾಲಯ ಕರವನ್ನೂ ಕಟ್ಟುವವರು ನಾವೇ.

ಒಂದು ಪುಸ್ತಕ ಮಾತ್ರ ಮಕ್ಕಳ ಕನ್ನಡಕ್ಕೆ ಬರಲೇಬೇಕು. ಹತ್ತನೆಯ ಶತಮಾನದ ಬಸ್ರಾದಲ್ಲಿ ‘ಇಖ್ವಾನುಸ್ಸಫಾ’ ಎಂಬ ಬಳಗ ಬರೆದ ಕಥೆಯಲ್ಲಿ ಪ್ರಾಣಿಗಳು ಜಿನ್ನ್‌ಗಳ ದೊರೆಯ ಮುಂದೆ ಮನುಷ್ಯರ ಮೇಲೆ ದಾವೆ ಹೂಡುತ್ತವೆ. ನಮ್ಮ ಮೇಲೆ ಹೊರೆ ಹೇರಲು, ಹೊಡೆಯಲು ಇವರಿಗೆ ಯಾರು ಹಕ್ಕು ಕೊಟ್ಟರು ಎಂಬುದು ಅವುಗಳ ದೂರು. ಜೇನು, ಗಿಳಿಗಳೆಲ್ಲ ವಾದ ಮಂಡಿಸುತ್ತವೆ. ಕಾಡುಮೃಗಗಳ ಪರ ಬರುವ ನರಿ ಬೇರಾರೂ ಅಲ್ಲ, ದಿಮ್ನಾನ ಅಣ್ಣ ಕಲೀಲ. ಇಕ್ರಾಮ್ ಅಲಿ ಇದನ್ನು ಉರ್ದುವಿಗೆ ತಂದದ್ದು 1810ರಲ್ಲಿ, ಕಲ್ಕತ್ತೆಯಲ್ಲಿ. ಎರಡೂ ಭಾಷೆ ಬಲ್ಲ ಶಿಕ್ಷಕರು ನಮ್ಮ ಹುಮನಾಬಾದ್, ಬಸವಕಲ್ಯಾಣ ತಾಲೂಕುಗಳಲ್ಲೇ ಬೇಕಾದಷ್ಟಿದ್ದಾರೆ. ಬರುವ ಬೇಸಿಗೆ ರಜೆಯಲ್ಲಿ ಯಾರಾದರೂ ಮೊದಲ ಹತ್ತು ಪುಟ ಮಾಡಿ ಕಳಿಸಿದರೆ ಮುಂದಿನ ಹತ್ತು ಪುಟ ನಾವು ಮಾಡುತ್ತೇವೆ.