ನೆಂಟರು ಬರ್ತಾರೆ, ಬಾವಿ ನೀರು ಯಾರದ್ದು?

ಮಂಗಳೂರಿನ ಹಳೇ ಬಂದರಿನಲ್ಲಿ ಲಕ್ಷದ್ವೀಪಕ್ಕೆ ಹೊರಟ ಮಂಜಿಗಳಿಗೆ ತರಕಾರಿ, ಜಲ್ಲಿ, ಸಿಮೆಂಟು ತುಂಬುವುದನ್ನು ನೋಡಿಯೇ ಬೆಳೆದವರು ನಾವು. ದ್ವೀಪದವರು ನಮಗೆ ಹೊಸಬರಲ್ಲ. 1956ರವರೆಗೆ ಅಮಿನಿ, ಕಡಮತ್, ಕಿಲ್ತಾನ್ ಮೊದಲಾದ ದ್ವೀಪಗಳು ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಆದರೂ 2024ರ ಜನವರಿಯಲ್ಲಿ ಪ್ರಧಾನಿ ಅಲ್ಲಿಗೆ ಹೋಗಿ ಬಂದು, ಮಾಲ್ದೀವ್ಸ್ ಬಿಟ್ಟು ಲಕ್ಷದ್ವೀಪಕ್ಕೆ ಹೋಗಿ ಎಂಬ ಗದ್ದಲ ಎದ್ದಾಗ, ಅಲ್ಲಿನ ಜನ ಏನು ಹೇಳ್ತಾರೆ ಅಂತ ನಾವೂ ಕೇಳಲಿಲ್ಲ. ನೀಲಿ ನೀರಿನ ಫೋಟೋ ಹಂಚಿದ್ದೇ ಹಂಚಿದ್ದು.

ಜನ ಇರುವುದು ಹತ್ತು ದ್ವೀಪಗಳಲ್ಲಿ. ಒಟ್ಟು ನೆಲ 32 ಚದರ ಕಿಲೋಮೀಟರ್, 2011ರ ಜನಗಣತಿಯಂತೆ ಜನಸಂಖ್ಯೆ 64,473. ಹೊಳೆ ಇಲ್ಲ. ಮಳೆನೀರು ಹವಳದ ಮರಳಿನಲ್ಲಿ ಇಂಗಿ, ಉಪ್ಪುನೀರಿನ ಮೇಲೆ ತೆಳುವಾಗಿ ನಿಲ್ಲುತ್ತದೆ. ಬಾವಿಗೆ ಬರುವುದು ಅದೇ. ಪಂಪು ಹಾಕಿ ಜಾಸ್ತಿ ಎಳೆದರೆ ಉಪ್ಪು ಮೇಲೆ ಬರ್ತದೆ. ಸಮುದ್ರದ ನೀರನ್ನು ಸಿಹಿ ಮಾಡುವ ಘಟಕಗಳಿವೆ, ಆದರೆ ಅಲ್ಲಿನ ಕರೆಂಟೇ ಬಹುಪಾಲು ಹಡಗಿನಲ್ಲಿ ಬರುವ ಡೀಸೆಲ್‌ನದ್ದು. ರೆಸಾರ್ಟಿಗೆ ಬಂದವರಿಗೆ ಈಜುಕೊಳವೂ ಬೇಕು.

ಮಾಲ್ದೀವ್ಸ್ 1972ರಲ್ಲಿ ಪ್ರವಾಸೋದ್ಯಮ ಶುರು ಮಾಡಿದಾಗ ರೆಸಾರ್ಟ್‌ಗಳನ್ನು ಜನ ಇಲ್ಲದ ದ್ವೀಪಗಳಿಗೆ ಕಳಿಸಿತು. ಮದ್ಯ ಅಲ್ಲಿಗೇ ಸೀಮಿತವಾಯಿತು. ದುಡ್ಡಿನ ದೊಡ್ಡ ಪಾಲೂ ಅಲ್ಲೇ ಉಳಿಯಿತು. 2009ರ ನಂತರ ಊರಿನ ದ್ವೀಪಗಳಲ್ಲೂ ಗೆಸ್ಟ್‌ಹೌಸ್‌ಗಳು ಬಂದವು. ಮಾಫುಶಿಯಂಥ ಕಡೆ ಸಣ್ಣವರೂ ನಾಲ್ಕು ಕಾಸು ಕಂಡರು, ಜತೆಗೆ ಪ್ರವಾಸಿಗರಿಗೆಂದೇ ಬೇರೆ ಬೀಚ್ ಬಂತು. ಒಳ್ಳೆಯದೋ ಕೆಟ್ಟದ್ದೋ, ತೀರ್ಮಾನ ಅವರೇ ಆರಿಸಿದ ಸರಕಾರದ್ದು.

ಲಕ್ಷದ್ವೀಪಕ್ಕೆ ವಿಧಾನಸಭೆಯೇ ಇಲ್ಲ. ಇರುವುದು ಒಬ್ಬ ಸಂಸದ. ಆಡಳಿತ ದಿಲ್ಲಿಯಿಂದ ನೇಮಕವಾದ ಅಧಿಕಾರಿಯದ್ದು. 2021ರಲ್ಲಿ ಅಭಿವೃದ್ಧಿ ಪ್ರಾಧಿಕಾರದ ಕರಡು ಬಂದು, ಯೋಜನೆಗೆ ಬೇಕಾದ ಜಾಗ ವಶಪಡಿಸಿಕೊಳ್ಳುವ ಮಾತು ಎದ್ದಾಗ ಜನ ತಮ್ಮ ತಮ್ಮ ಮನೆಗಳಲ್ಲೇ ಉಪವಾಸ ಕೂತರು. ಅಲ್ಲಿ ತರವಾಡಿನ ಮನೆ, ತೆಂಗಿನ ತೋಟ ತಾಯಿಯ ಕಡೆಯಿಂದ ಬರುವುದು. ಹಾಗಾಗಿ ಜಾಗ ಹೋದರೆ ಮೊದಲು ನೆಲೆ ತಪ್ಪುವುದು ಹೆಣ್ಣುಮಕ್ಕಳಿಗೆ. ಈ ಮಾತನ್ನು ಟಿವಿ ಚರ್ಚೆಗಳಲ್ಲಿ ನಾವು ಕೇಳಿದ್ದು ಕಡಿಮೆ.

ಹೋಗಬೇಡಿ ಅಂತ ನಾವು ಹೇಳ್ತಿಲ್ಲ. ಹೊರಗಿನವರಿಗೆ ಅಲ್ಲಿಗೆ ಪ್ರವೇಶ ಪರವಾನಗಿ ಬೇಕು. ಅದನ್ನು ಎಷ್ಟು ಸಡಿಲ ಮಾಡಬೇಕು ಅಂತ ದ್ವೀಪದ ಪಂಚಾಯತುಗಳನ್ನು ಕೇಳಲಿ. ಸುಹೇಲಿ, ಕಡಮತ್‌ನಲ್ಲಿ ತಾಜ್ ಹೋಟೆಲ್‌ಗಳಿಗೆ 2023ರಲ್ಲೇ ಒಪ್ಪಂದವಾಗಿದೆ. ಅಲ್ಲಿನ ಹುಡುಗರಿಗೆ ಅದರಲ್ಲಿ ಮ್ಯಾನೇಜರ್ ಕೆಲಸವೂ ಸಿಗುತ್ತದಾ, ಇಲ್ಲಾ ಬರೀ ದೋಣಿ ನಡೆಸುವುದಾ? ಮುಂದಿನ ಸಲ ಬಂದರಿನಲ್ಲಿ ಸಿಕ್ಕ ದ್ವೀಪದವರ ಹತ್ತಿರ ನಾವು ಕೇಳಬೇಕಾದ್ದು ಇದನ್ನೇ.