ಕಸದ ಎಣ್ಣೆಗೂ ಹದ ಬೇಕು: ಬೇಡವೆನ್ನುವವರಿಗೆ ಒಂದು ಉತ್ತರ

ಮಮದಾಪುರ, ಬಬಲೇಶ್ವರ, ತಿಕೋಟಾ ಕಡೆಯ ಯಾವ ಔಷಧಿ ಅಂಗಡಿಯ ಮುಂದೆ ಅರ್ಧ ತಾಸು ನಿಂತರೂ ಈ ಮಾತು ಕಿವಿಗೆ ಬೀಳುತ್ತದೆ: "ಕಸ ಕಂಡ್ರ ಎಣ್ಣಿ ಹೊಡೀರಿ, ಕಾಲ ಗೀಲ ನೋಡಬ್ಯಾಡ್ರಿ." ಹೇಳುವವರಲ್ಲಿ ಮಾರುವವರಿದ್ದಾರೆ, ಕೊಳ್ಳುವವರಿದ್ದಾರೆ, ನಾಲ್ಕು ಜನ ಕೇಳುವಂಥ ದೊಡ್ಡ ಹಿಡುವಳಿದಾರರೂ ಇದ್ದಾರೆ. ಇದನ್ನು ಸಮರ್ಥಿಸಲು ಅವರು ಕೊಡುವ ಕಾರಣಗಳನ್ನು ಒಂದೊಂದಾಗಿ ಎತ್ತಿಕೊಳ್ಳುತ್ತೇನೆ. ತೀರ್ಪು ಓದುಗರದ್ದು. ನನ್ನ ನಿಲುವು ಇಷ್ಟು: ಕಳೆನಾಶಕವೇ ಬೇಡ ಎನ್ನುವವನು ನಾನಲ್ಲ. ಆದರೆ ಯಾವ ಬಾಟಲಿ ಎಂಬುದಕ್ಕಿಂತ ಯಾವಾಗ, ಯಾವ ನೀರಿನಲ್ಲಿ, ಎಷ್ಟು, ಯಾರ ತೋಟದ ಪಕ್ಕದಲ್ಲಿ ಎಂಬುದೇ ಫಲವನ್ನು ತೀರ್ಮಾನಿಸುತ್ತದೆ.

ಒಳ್ಳೆಯ ಔಷಧಿಯಾದರೆ ಯಾವಾಗ ಹೊಡೆದರೂ ಕೆಲಸ ಮಾಡುತ್ತದೆ ಎಂಬುದು ಅವರ ಮೂಲ ವಾದ. ತೊಗರಿಗೆ, ಹೆಸರಿಗೆ ಬಳಸುವ ಪೆಂಡಿಮೆಥಾಲಿನ್ ಒಂದೇ ಸಾಕು ಇದನ್ನು ಸುಳ್ಳಾಗಿಸಲು. ಹುಟ್ಟಿ ನಿಂತ ಕಸಕ್ಕೆ ಅದು ಏನೂ ಮಾಡದು. ಮಣ್ಣಿನ ಮೇಲ್ಪದರದಲ್ಲಿ ಕುಳಿತು, ಮೊಳೆಯುವ ಬೀಜದ ಎಳೆಬೇರನ್ನು ಕೊಲ್ಲುವುದಷ್ಟೇ ಅದರ ಕೆಲಸ. ಆದ್ದರಿಂದಲೇ ಬಿತ್ತಿದ ಮೂರು ದಿನದೊಳಗೆ, ನೆಲದಲ್ಲಿ ಹಸಿ ಇದ್ದಾಗ ಹೊಡೆಯಬೇಕು ಎನ್ನುತ್ತಾರೆ. ಒಣ ಮಣ್ಣಿನ ಮೇಲೆ ಬಿದ್ದರೆ ಬಿಸಿಲಿಗೆ ಕೆಡುತ್ತದೆ, ಆವಿಯಾಗಿಯೂ ಹೋಗುತ್ತದೆ. ಇನ್ನು ಅದೇ ಜನರ ಇನ್ನೊಂದು ಮಾತು ಕೇಳಿ. ಹದಿನೈದು ದಿನದ ನಂತರ ರೈತ ಬಂದು "ಕಸ ಹಾಂಗ ಅದರೀ" ಎಂದರೆ ಬರುವ ಉತ್ತರ: "ಹಸಿ ಇದ್ದಾಗ ಹೊಡೀಬೇಕಿತ್ತು, ನೀವು ತಡಾ ಮಾಡೀರಿ." ಮಾರುವಾಗ ಕಾಲ ಬೇಕಿಲ್ಲ, ದೂರು ಬಂದಾಗ ಕಾಲವೇ ಕಾರಣ. ಎರಡರಲ್ಲಿ ಒಂದು ಮಾತು ಸುಳ್ಳಿರಲೇಬೇಕು, ಮತ್ತು ಅದು ಮೊದಲನೆಯದು.

ನಮ್ಮ ಎರೆಹೊಲಕ್ಕೆ ಈ ವಿಷಯ ಇನ್ನೂ ಸೂಕ್ಷ್ಮ. ಹಿಂಗಾರಿ ಜೋಳ ಬಿತ್ತುವುದು ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರಿನೊಳಗೆ, ಇಳಿಯುತ್ತಿರುವ ಹಸಿಯಲ್ಲಿ. ಬಿತ್ತಿದ ಮೇಲೆ ಮಳೆ ಬಾರದಿದ್ದರೆ ಮೇಲಿನ ಎರಡು ಬೆರಳಿನಷ್ಟು ಮಣ್ಣು ಕೆಲವೇ ದಿನಗಳಲ್ಲಿ ಒಣಗುತ್ತದೆ. ಮೊಳಕೆಗೆ ಮುಂಚಿನ ಔಷಧಿಗಳು ಆಗ ನಿಂತಲ್ಲೇ ನಿಲ್ಲುತ್ತವೆ. ಹಿಂಗಾರಿ ಕಸವನ್ನು ಗೆಲ್ಲುವ ಕಾಲ ಮುಂಗಾರಿನದು: ಖಾಲಿ ಬಿಟ್ಟ ಹೊಲವನ್ನು ಮಳೆ ಬಿದ್ದಾಗಲೊಮ್ಮೆ ಹರಗಿ, ಹುಟ್ಟಿದ್ದನ್ನು ಹುಟ್ಟಿದಾಗಲೇ ಕೊಲ್ಲುವುದು.

"ಕಸ ಪೂರ್ತಿ ಹುಟ್ಟಲಿ, ಒಂದೇ ಸಲ ಹೊಡೆದರಾಯಿತು, ಎರಡು ಸಲದ ಖರ್ಚು ಯಾಕೆ?" ಇದು ಉಳಿತಾಯದ ಲೆಕ್ಕದಂತೆ ಕಾಣುತ್ತದೆ. ಲೆಕ್ಕದಲ್ಲಿ ಬೆಳೆಯನ್ನೇ ಬಿಟ್ಟಿದ್ದಾರೆ. ಜೋಳಕ್ಕೆ ಮೊದಲ ಒಂದೂವರೆ ತಿಂಗಳು, ನಿಧಾನವಾಗಿ ಏಳುವ ತೊಗರಿಗೆ ಸುಮಾರು ಎರಡು ತಿಂಗಳು ಕಸದ ಪೈಪೋಟಿ ಇರಬಾರದು. ಆ ಅವಧಿಯಲ್ಲಿ ಕಸ ಉಂಡ ಹಸಿ ಮತ್ತು ಗೊಬ್ಬರವನ್ನು ಆಮೇಲೆ ಯಾವ ಔಷಧಿಯೂ ಮರಳಿ ತಂದುಕೊಡುವುದಿಲ್ಲ. ಬೀಜದಿಂದ ಹುಟ್ಟುವ ಕಸ ಎರಡರಿಂದ ನಾಲ್ಕು ಎಲೆಯಲ್ಲಿದ್ದಾಗ ಸುಲಭವಾಗಿ ಸಾಯುತ್ತದೆ. ಹೂವಾದ ಕಾಂಗ್ರೆಸ್ ಕಸಕ್ಕೆ ಹೊಡೆಯುವುದು ದಂಡ. ಒಂದೊಂದು ಗಿಡ ಹತ್ತು ಸಾವಿರಕ್ಕೂ ಹೆಚ್ಚು ಬೀಜ ಉದುರಿಸಬಲ್ಲದು.

ಈ ವಾದದಲ್ಲಿ ಕಾಳಷ್ಟು ನಿಜವಿದೆ, ಅದನ್ನು ಮುಚ್ಚಿಡುವುದಿಲ್ಲ. ಜೇಕು, ಕರಿಕೆಯಂಥ ಗಡ್ಡೆ-ಬೇರಿನ ಕಸಕ್ಕೆ ತೀರ ಎಳೆಯದಿದ್ದಾಗ ಹೊಡೆದು ಫಲವಿಲ್ಲ, ಔಷಧಿಯನ್ನು ಕೆಳಗೆ ಒಯ್ಯುವಷ್ಟು ಎಲೆ ಬೇಕು. ಕಬ್ಬಿನಲ್ಲಿ ಜೇಕಿಗೆ ಬಳಸುವ ಹ್ಯಾಲೋಸಲ್ಫ್ಯೂರಾನ್ ಮಿಥೈಲ್ ಎಕರೆಗೆ 36 ಗ್ರಾಂ, ಜೇಕು ಮೂರರಿಂದ ಐದು ಎಲೆಯಲ್ಲಿದ್ದಾಗ. ಹಳದಿಯಾಗಿ ಸಾಯಲು ಎರಡು ಮೂರು ವಾರ ಹಿಡಿಯುತ್ತದೆ. ನಾಲ್ಕನೇ ದಿನ "ಏನೂ ಆಗಲಿಲ್ಲ" ಎಂದು ಕುರ್ಪಿ ಹಿಡಿದು ಕಿತ್ತವರು ತಾವೇ ಕೆಲಸ ಕೆಡಿಸಿದಂತೆ. ನೆಲದೊಳಗೆ ಸರಪಳಿಯಾಗಿ ಕೂಡಿಕೊಂಡಿರುವ ಜೇಕಿನ ಗಡ್ಡೆಗಳನ್ನು ಬೇರ್ಪಡಿಸಿದರೆ ಮಲಗಿದ್ದವೂ ಮೊಳೆಯುತ್ತವೆ. 1977ರಲ್ಲಿ ಜಗತ್ತಿನ ಅತಿ ಕೆಟ್ಟ ಕಳೆಗಳ ಪಟ್ಟಿ ಮಾಡಿದ ವಿಜ್ಞಾನಿಗಳು ಇದೇ ಜೇಕನ್ನು ಮೊದಲ ಸ್ಥಾನದಲ್ಲಿ ಇಟ್ಟದ್ದು ಸುಮ್ಮನೆ ಅಲ್ಲ.

ಇನ್ನು ಪ್ರಮಾಣದ ಮಾತು. "ಒಂದು ಮುಚ್ಚಳ ಹೆಚ್ಚಿಗಿ ಹಾಕ್ರಿ, ಬೇರಸಮೇತ ಹೋಗತದ." ಬೇರುಸಮೇತ ಹೋಗಬೇಕಾದರೆ ಎಲೆ ಕೆಲವು ದಿನ ಬದುಕಿದ್ದು ಔಷಧಿಯನ್ನು ಬೇರಿಗೆ ಇಳಿಸಬೇಕು. ಅತಿಯಾದ ಪ್ರಮಾಣ ಎಲೆಯನ್ನು ಮೊದಲೇ ಸುಟ್ಟರೆ ಒಯ್ಯುವವರು ಯಾರು? ಮೇಲೆ ಒಣಗಿದ್ದು ಕಾಣುತ್ತದೆ, ಕೆಳಗೆ ಗಡ್ಡೆ ಗಟ್ಟಿಯಾಗಿರುತ್ತದೆ.

ಮುಚ್ಚಳದ ಅಳತೆಯನ್ನು ಇನ್ನಷ್ಟು ಹತ್ತಿರದಿಂದ ನೋಡೋಣ. ಪೆಂಡಿಮೆಥಾಲಿನ್ 30 ಇ.ಸಿ. ಎಕರೆಗೆ ಸುಮಾರು 1,300 ಮಿ.ಲೀ. ಬೇಕು. ಎಕರೆಗೆ 200 ಲೀಟರ್ ನೀರು ಎಂದು ಹಿಡಿದರೆ 16 ಲೀಟರಿನ ಪಂಪು ಹನ್ನೆರಡೂವರೆ ಆಗುತ್ತವೆ, ಪಂಪಿಗೆ 104 ಮಿ.ಲೀ. ಈಗ ಒಂದು ಗುಂಟೆ ಜಾಗವನ್ನು, ಅಂದರೆ 33 ಅಡಿಗೆ 33 ಅಡಿ, ಗುರುತು ಮಾಡಿ ಬರೀ ನೀರು ತುಂಬಿ ಎಂದಿನ ನಡಿಗೆಯಲ್ಲಿ ಹೊಡೆದು ನೋಡಿ. ಮೂರು ಲೀಟರ್ ಖರ್ಚಾಯಿತು ಎನ್ನಿ. ಎಕರೆಗೆ 120 ಲೀಟರ್ ಆಯಿತು, ಏಳೂವರೆ ಪಂಪು. ಪಂಪಿಗೆ ಅದೇ 104 ಮಿ.ಲೀ. ಹಾಕಿದವನ ಹೊಲಕ್ಕೆ ಬಿದ್ದದ್ದು 780 ಮಿ.ಲೀ., ಬೇಕಾದುದರ ನೂರಕ್ಕೆ 60 ಭಾಗ. ನಿಧಾನವಾಗಿ ನಡೆಯುವ ಇನ್ನೊಬ್ಬನ ಹೊಲಕ್ಕೆ ಅದೇ ಮುಚ್ಚಳದಿಂದ ಹೆಚ್ಚಾಗಿ ಬೀಳುತ್ತದೆ. ನಡಿಗೆ, ನಾಝಲ್, ಒತ್ತಡ ಗೊತ್ತಿಲ್ಲದೆ ಮುಚ್ಚಳದ ಲೆಕ್ಕ ಹೇಳುವುದು ಸಲಹೆ ಎನಿಸುವುದಿಲ್ಲ. ನಾಝಲ್ ಕೂಡ ಬೇರೆಯೇ ಬೇಕು: ಹುಳಕ್ಕೆ ಹೊಡೆಯುವ ಕೋನ್ ನಾಝಲಿನ ಮಂಜು ಕಸಕ್ಕೆ ಬೇಡ, ದೊಡ್ಡ ಹನಿಯಾಗಿ ಸಮನಾಗಿ ಬೀಳುವ ಫ್ಲಡ್ ಜೆಟ್ ಅಥವಾ ಫ್ಲ್ಯಾಟ್ ಫ್ಯಾನ್ ಬೇಕು.

ಹೆಚ್ಚು ಹಾಕಿದ್ದು ಅಲ್ಲಿಗೇ ಮುಗಿಯುವುದೂ ಇಲ್ಲ. ಹೆಸರು, ಸೋಯಾದಂಥ ದ್ವಿದಳ ಬೆಳೆಗಳಲ್ಲಿ ಬಳಸುವ ಇಮಾಜೆಥಾಪೈರ್ ಮಣ್ಣಿನಲ್ಲಿ ಉಳಿಯುವ ಔಷಧಿ. ಜೋಳ ಅದಕ್ಕೆ ಬಲು ಸೂಕ್ಷ್ಮ. ಮುಂಗಾರಿಗೆ ಹೆಸರು, ಹಿಂಗಾರಿಗೆ ಜೋಳ ಎಂಬ ನಮ್ಮ ಪದ್ಧತಿಯಲ್ಲಿ ಜುಲೈಯ ಹೆಚ್ಚಿನ ಮುಚ್ಚಳದ ಪರಿಣಾಮ ಅಕ್ಟೋಬರಿನ ಜೋಳದ ಮೇಲೆ ಕಾಣಬಹುದು. ಜೋಳಕ್ಕೆ ಹೊಡೆಯುವ ಅಟ್ರಾಜಿನ್ ಸಾಲು ಬಿಟ್ಟು ಬಿತ್ತಿದ ತೊಗರಿಯನ್ನು ಸುಡುತ್ತದೆ. "ಬೇರುಸಮೇತ" ಹೋಗುವುದು ಕೆಲವೊಮ್ಮೆ ಬೆಳೆಯೇ.

"ನೀರು ಯಾವುದಾದರೇನು?" ಎನ್ನುತ್ತಾರೆ. ಗ್ಲೈಫೋಸೇಟಿಗೆ ಇದೇ ನಿರ್ಣಾಯಕ. ನಮ್ಮ ಬೋರುಗಳ ಸವಳು ನೀರಿನಲ್ಲಿರುವ ಸುಣ್ಣದಂಶ ಅದನ್ನು ಹಿಡಿದಿಟ್ಟು ನಿಷ್ಕ್ರಿಯ ಮಾಡುತ್ತದೆ. ಹಾಗೆಂದು ಕೆರೆಗೆ ಹೋದರೆ? ಮೊಹಮ್ಮದ್ ಆದಿಲ್ ಶಾಹ್ 1633ರಲ್ಲಿ ಕಟ್ಟಿಸಿದ ಮಮದಾಪುರದ ಕೆರೆಯಿಂದ ರಾಡಿ ನೀರು ತುಂಬಿ ತಂದರೆ ಅದರ ಎರೆಮಣ್ಣಿನ ಕಣಗಳೇ ಗ್ಲೈಫೋಸೇಟನ್ನೂ ಪ್ಯಾರಾಕ್ವಾಟನ್ನೂ ಅಂಟಿಸಿಕೊಂಡುಬಿಡುತ್ತವೆ. ಸೋಸಿದ, ತಿಳಿ ನೀರು ಬೇಕು. ಹೊಡೆದು ಮುಗಿದ ಪಂಪನ್ನು ಅದೇ ಕೆರೆಯ ದಂಡೆಯಲ್ಲಿ ತೊಳೆಯುವವರಿಗೆ ಇಷ್ಟೇ ಹೇಳುತ್ತೇನೆ: ಆ ನೀರನ್ನು ದನ ಕುಡಿಯುತ್ತವೆ.

ಗ್ಲೈಫೋಸೇಟ್ ಹೆಸರು ಬಂದ ಕೂಡಲೇ ಮತ್ತೊಂದು ವಾದ ಏಳುತ್ತದೆ: ಅಂಗಡಿಯಲ್ಲಿ ಸಿಗುತ್ತದೆ, ಎಲ್ಲರೂ ಹೊಡೆಯುತ್ತಾರೆ, ಅಂದಮೇಲೆ ತಪ್ಪೇನು? ಕೇಂದ್ರ ಕೃಷಿ ಸಚಿವಾಲಯ 2022ರ ಅಕ್ಟೋಬರಿನಲ್ಲಿ ಹೊರಡಿಸಿದ ಆದೇಶದ ಪ್ರಕಾರ ಅದನ್ನು ಬಳಸಬಹುದಾದವರು ಪರವಾನಗಿ ಇರುವ ಕೀಟ ನಿಯಂತ್ರಣ ನಿರ್ವಾಹಕರು ಮಾತ್ರ. ದೇಶದಲ್ಲಿ ಅದರ ನೋಂದಣಿ ಇರುವುದು ಚಹಾ ತೋಟಕ್ಕೆ ಮತ್ತು ಬೆಳೆ ಇಲ್ಲದ ಜಾಗಕ್ಕೆ. ವಿಜಯಪುರ ಜಿಲ್ಲೆಯಲ್ಲಿ ಚಹಾ ತೋಟ ಎಲ್ಲಿದೆ ಎಂದು ಕೇಳಿದರೆ ಈ ವಾದ ಮಾಡುವವರು ವಿಷಯ ಬದಲಿಸುತ್ತಾರೆ.

ಈಗ ನನಗೆ ಎಲ್ಲಕ್ಕಿಂತ ಮುಖ್ಯವಾದ ವಾದಕ್ಕೆ ಬರುತ್ತೇನೆ. "ನಮ್ಮ ಹೊಲದಾಗ ನಾವು ಹೊಡೀತೀವಿ, ಬಾಜೂದವ್ರಿಗೆ ಏನಾಗತದ?" ಏತ ನೀರಾವರಿಯ ನೀರು ಬಂದಮೇಲೆ ತಿಕೋಟಾ-ಬಬಲೇಶ್ವರ ಭಾಗದಲ್ಲಿ ದ್ರಾಕ್ಷಿಗೂ ಕಬ್ಬಿಗೂ ಒಂದೇ ಬದು. ಕಬ್ಬಿನ ಅಗಲೆಲೆ ಕಸಕ್ಕೆ ಅಗ್ಗದ ಔಷಧಿ 2,4-ಡಿ. ದ್ರಾಕ್ಷಿ ಬಳ್ಳಿಗೆ ಅದರ ಅತಿ ಸಣ್ಣ ಅಂಶ ಸೋಕಿದರೂ ಸಾಕು. ಸೋಕಿದ ಬಳ್ಳಿಯ ಹೊಸ ಕುಡಿಯನ್ನು ಕೈಯಲ್ಲಿ ಹಿಡಿದು ನೋಡಿ: ಎಲೆ ಅಗಲವಾಗದೆ ಬೀಸಣಿಗೆಯಂತೆ ಮುದುಡಿರುತ್ತದೆ, ನರಗಳು ಒತ್ತೊತ್ತಾಗಿ ಸೇರಿಕೊಂಡಿರುತ್ತವೆ, ಅಂಚಿನ ಹಲ್ಲುಗಳು ಚೂಪಾಗಿ ಉದ್ದವಾಗಿರುತ್ತವೆ. ಹೂವಿನ ಹೊತ್ತಿಗೆ ಸೋಕಿದರೆ ಗೊನೆಯಲ್ಲಿ ಕಾಯಿ ನಿಲ್ಲುವುದೇ ಕಷ್ಟ.

"ಅದು ರೋಗ ಇರಬೇಕು, ಸತುವಿನ ಕೊರತೆ ಇರಬೇಕು" ಎಂಬ ಜಾರುವ ಉತ್ತರ ತಕ್ಷಣ ಸಿಗುತ್ತದೆ. ಕೊರತೆ ದಿಕ್ಕು ನೋಡಿ ಬರುವುದಿಲ್ಲ. ಕಬ್ಬಿನ ಕಡೆಗಿರುವ ಸಾಲುಗಳಲ್ಲಿ ಹೆಚ್ಚು, ಒಳಗೆ ಹೋದಂತೆ ಕಡಿಮೆ, ಹಳೆ ಎಲೆ ಸ್ವಚ್ಛ, ಸಿಂಪಡಣೆಯ ನಂತರ ಬಂದ ಕುಡಿಯಲ್ಲಿ ಮಾತ್ರ ವಿಕಾರ: ಇಷ್ಟೂ ಲಕ್ಷಣ ಕೂಡಿದ ಕಡೆ ಕೊರತೆಯ ಹೆಸರು ಹೇಳುವುದು ನುಣುಚಿಕೊಳ್ಳುವಿಕೆ. ಔಷಧಿ ಹಾರುವುದಿಲ್ಲ ಎನ್ನುವವರಿಗೆ ಇನ್ನೊಂದು ಪ್ರಶ್ನೆ ಇದೆ. ಕಬ್ಬಿನ ಪಕ್ಕ ತಮ್ಮದೇ ತೊಗರಿ ಇದ್ದರೆ ನಾಲ್ಕು ಸಾಲು ಬಿಟ್ಟು ಹೊಡೆಯುತ್ತಾರಲ್ಲ, ಆ ನಾಲ್ಕು ಸಾಲು ಯಾಕೆ?

"ಗಾಳಿ ಇಲ್ಲದಾಗ, ಬೆಳಗು ಹರಿಯುವ ಮೊದಲೇ ಹೊಡೆದೆವು" ಎಂಬುದು ಅವರ ಕೊನೆಯ ಆಸರೆ. ಅದೇ ತಪ್ಪು ಹೊತ್ತು. ಆಗ ನೆಲದ ಹತ್ತಿರ ತಂಪು ಗಾಳಿ, ಮೇಲೆ ಬೆಚ್ಚನೆಯದು. ಸಣ್ಣ ಹನಿಗಳು ಮೇಲೇರಲಾರದೆ, ಕೆಳಗೂ ಬೀಳದೆ ತೇಲಿಕೊಂಡು ತಗ್ಗಿನ ಕಡೆ ಸರಿಯುತ್ತವೆ. ಬಿಸಿಲೇರಿ ಸ್ವಲ್ಪ ಹೊತ್ತಾದ ಮೇಲೆ, ದ್ರಾಕ್ಷಿಯಿಂದ ಆಚೆಗೆ ಬೀಸುವ ಮೆಲುಗಾಳಿಯಲ್ಲಿ, ಕಡಿಮೆ ಒತ್ತಡದಲ್ಲಿ ದೊಡ್ಡ ಹನಿಯಾಗಿ ಹೊಡೆಯುವುದು ಸರಿ. ಅದೂ ಈಸ್ಟರ್ ರೂಪದ 2,4-ಡಿ ಅಲ್ಲ. ಅದು ಬಿದ್ದಮೇಲೂ ಬಿಸಿಲಿಗೆ ಆವಿಯಾಗಿ ಏಳುತ್ತದೆ. ಅಮೈನ್ ಅಥವಾ ಸೋಡಿಯಂ ಲವಣದ ರೂಪಕ್ಕೆ ಆ ಕಾಟ ತೀರ ಕಡಿಮೆ. 2,4-ಡಿ ಹೊಡೆದ ಪಂಪನ್ನು ನೀರಿನಲ್ಲಿ ಅಲುಗಾಡಿಸಿ ದ್ರಾಕ್ಷಿಗೆ ಒಯ್ಯುವುದೂ ಇದೇ ಜಾತಿಯ ತಪ್ಪು. ಕಸಕ್ಕೊಂದು ಪಂಪು ಬೇರೆಯೇ ಇಡಬೇಕು.

ವಿಜಯಪುರದ ಬಡಾವಣೆಗಳಲ್ಲಿ ಮನೆ ಮುಂದೆ ಹುಲ್ಲುಹಾಸು ಬೆಳೆಸಿದವರಿಗೂ ಒಂದು ಮಾತು. ಅಲ್ಲಿ ಬೆಳೆಯಿಲ್ಲ, ಹೊತ್ತು ನೋಡಬೇಕಿಲ್ಲ ಎಂಬುದು ಅವರ ನಂಬಿಕೆ. ಹುಲ್ಲು ಕತ್ತರಿಸಿದ ಮರುದಿನ ಹೊಡೆದರೆ ಔಷಧಿ ಹಿಡಿಯಲು ಕಸಕ್ಕೆ ಎಲೆಯೇ ಇರುವುದಿಲ್ಲ. ಏಪ್ರಿಲ್ ಬಿಸಿಲಲ್ಲಿ ಹೊಡೆದರೆ ಹುಲ್ಲೇ ಸುಡುತ್ತದೆ, ಬದಿಯ ಗುಲಾಬಿ ಮುದುಡುತ್ತದೆ. 2,4-ಡಿ ಅಗಲೆಲೆಯ ಕಸಕ್ಕೆ ಮಾತ್ರ, ಹುಲ್ಲುಹಾಸಿನ ಜೇಕು ಅದಕ್ಕೆ ಜಗ್ಗದು.

"ಆಳು ಸಿಗಂಗಿಲ್ಲ" ಎಂಬ ಮಾತನ್ನು ನಾನು ಒಪ್ಪುತ್ತೇನೆ. ಅದರಿಂದ ಅವರು ಎಳೆಯುವ ತೀರ್ಮಾನವನ್ನು ಒಪ್ಪುವುದಿಲ್ಲ. ಎಣ್ಣೆ ಹೊಡೆದರೆ ಎಡೆ ಹೊಡೆಯುವುದು ಬೇಡ ಎನ್ನುತ್ತಾರೆ. ಹಿಂಗಾರಿ ಎರೆಯಲ್ಲಿ ಎಡೆ ಹೊಡೆಯುವುದು ಕಸಕ್ಕಷ್ಟೇ ಅಲ್ಲ. ಬಿರಿದ ನೆಲವನ್ನು ಮುಚ್ಚಿ, ಮೇಲೆ ಪುಡಿಮಣ್ಣಿನ ಹೊದಿಕೆ ಮಾಡಿ, ಒಳಗಿನ ಹಸಿಯನ್ನು ಜೋಳಕ್ಕೆ ಉಳಿಸುವುದೇ ಅದರ ದೊಡ್ಡ ಲಾಭ. ಯಾವ ಬಾಟಲಿಯೂ ನೆಲದ ಬಿರುಕನ್ನು ಮುಚ್ಚುವುದಿಲ್ಲ.

ಎದುರು ದಂಡೆಯವರನ್ನೂ ಬಿಡುವಂತಿಲ್ಲ. ಕಳೆನಾಶಕ ಮಣ್ಣಿಗೆ ವಿಷ, ಬದಲಿಗೆ ಉಪ್ಪು, ಸುಣ್ಣ, ಗೋಮೂತ್ರ ಕಲಸಿ ಹೊಡೆಯಿರಿ ಎನ್ನುವವರು ಇವರು. ಪ್ಯಾರಾಕ್ವಾಟ್ ಕುರಿತ ಅವರ ಭಯಕ್ಕೆ ಆಧಾರವಿದೆ: ಅದರ ವಿಷಕ್ಕೆ ಪ್ರತಿವಿಷವಿಲ್ಲ, ಕೇರಳ 2011ರಲ್ಲೇ ಅದನ್ನು ನಿಷೇಧಿಸಿತು. ಆದರೆ ಮಣ್ಣು ಉಳಿಸುವ ಹೆಸರಿನಲ್ಲಿ ಉಪ್ಪು ಸುರಿಯುವುದು ಎಂಥ ರಕ್ಷಣೆ? ರಸ್ತೆ ಬದಿಯ ಕಾಂಗ್ರೆಸ್ ಕಸಕ್ಕೆ ಉಪ್ಪುನೀರು ಹಳೆಯ ಶಿಫಾರಸು, ಅಲ್ಲಿ ಸರಿ. ಹೊಲದಲ್ಲಿ ಸೋಡಿಯಂ ಎರೆಮಣ್ಣಿನ ಕಣಗಳನ್ನು ಚದುರಿಸಿ, ನೀರು ಇಂಗದಂತೆ ನೆಲವನ್ನು ಬಿಗಿಯುತ್ತದೆ. ಡೋಣಿ ದಂಡೆಯ ಸವಳು ಹೊಲಗಳನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಸರಿಯಾಗಿ ಹೊಡೆದ ಪೆಂಡಿಮೆಥಾಲಿನ್ ಕೆಲವು ತಿಂಗಳಲ್ಲಿ ಕರಗುತ್ತದೆ. ಉಪ್ಪು ತಾನಾಗಿ ಕರಗಿ ಇಲ್ಲವಾಗುವುದಿಲ್ಲ.

ದ್ರಾಕ್ಷಿಯ ಅಕ್ಟೋಬರ್ ಚಾಟ್ನಿ ಮುಗಿದು ಹೊಸ ಕುಡಿ ಒಡೆಯುವ ತಿಂಗಳುಗಳೇ ಕಬ್ಬಿನ ನಾಟಿಯೂ ಕುಳೆಯೂ ಏಳುವ ತಿಂಗಳುಗಳು. ಕಬ್ಬಿನವರಲ್ಲಿ ನನ್ನ ಕೋರಿಕೆ ಇದು: ಬದುವಿನಾಚೆ ದ್ರಾಕ್ಷಿ ಇದ್ದರೆ ಈ ಹಂಗಾಮಿನಲ್ಲಿ ಆ ಬದಿಯ ಪಟ್ಟಿಗೆ 2,4-ಡಿ ಹೊಡೆಯಬೇಡಿ, ಆ ಕಸವನ್ನು ಆಳಿಟ್ಟು ತೆಗೆಸಿ. ದ್ರಾಕ್ಷಿಯವರು ಚಾಟ್ನಿಯ ದಿನವನ್ನು ಬಾಜೂ ಹೊಲದವರಿಗೆ ಮುಂಚೆಯೇ ತಿಳಿಸಿ, ಆ ಆಳಿನ ಪಗಾರದಲ್ಲಿ ಅರ್ಧ ತಾವು ಕೊಡಲಿ.